ನೀರು ತೂಗುವ ರಾತ್ರಿ

ಗಾಳಿಗೆ ಜನ ಹಾರಿಹೋಗದಿರಲೆಂದು
ಬೀದಿಗೆ ಹಗ್ಗ ಕಟ್ಟುವ ಊರು ಪುಂತಾ ಅರೆನಾಸ್.
ಅಲ್ಲಿಂದ ಅರ್ಧ ಗಂಟೆ, ಜಲಸಂಧಿಯ ದಡದಲ್ಲಿ,
ನೋಲ್ಫಾ ಬಾರ್ರಿಯಾ ಇಂದು ರಾತ್ರಿ
ನೀರು ತೂಗುತ್ತಿದ್ದಾಳೆ.

ಮಳೆಯದಲ್ಲ, ಹಿಮದ್ದೂ ಅಲ್ಲ.
ಉಕ್ಕಿನ ಗೋಪುರದೊಳಗೆ ನಲವತ್ತು ಟನ್ನು ಕರಿಗುಳಿಗೆ,
ಒಂದೊಂದೂ ಕಿರುಬೆರಳ ಉಗುರಿನಷ್ಟು,
ಒಳಗಿನ ಆಮ್ಲಜನಕವನ್ನು ಜಲಜನಕಕ್ಕೆ ಒಪ್ಪಿಸುತ್ತ
ಬೆವರುತ್ತಿವೆ.
ಆ ಬೆವರು ಇದು. ಗಂಟೆಗೊಮ್ಮೆ ಪೀಪಾಯಿ, ತಕ್ಕಡಿ, ಪುಸ್ತಕ.
ಆತುರಪಟ್ಟೆಯೋ, ಕೆಟ್ಟೆ:
ಜಲಜನಕ ಒಂದು ಗುಟುಕು ಹೆಚ್ಚಾದರೂ
ನಾಲ್ಕು ವರ್ಷದ ಆಯುಸ್ಸು ನಾಲ್ಕು ನಿಮಿಷಕ್ಕೆ ಬೆಂದುಹೋದೀತು.
ಎಳೆಗೂಸಿಗೆ ಒಳಲೆಯಲ್ಲಿ ಹಾಲು ಹನಿಸಿದ ಹಾಗೆ
ಹನಿಸಬೇಕು.

ಈ ತಾಮ್ರ ಇದೇ ದೇಶದ್ದು, ಮೇಲಿನ ಮರುಭೂಮಿಯದು.
ಇರಬಹುದು; ಯಾರು ಬಲ್ಲರು.
ಆಂತೊಫಗಾಸ್ತದಲ್ಲಿ ತಗಡುತಗಡಾಗಿ ಹಡಗು ಹತ್ತಿ
ಯುರೋಪಿನ ಯಾವುದೋ ಊರಲ್ಲಿ ಆಮ್ಲದಲ್ಲಿ ಕರಗಿ,
ಸತುವಿನ ಜೊತೆ ಹಾಲೊಡೆದ ಹಾಗೆ ಒಡೆದು, ಸುಟ್ಟು, ಅಚ್ಚಿಗೆ ಬಿದ್ದು
ನೀಲಿ ಡ್ರಮ್ಮುಗಳಲ್ಲಿ ಮರಳಿತ್ತು.
ಸುಂಕ ಬೇರೆ.
"ತವರಿಗೆ ಬಂದ ಮಗಳಿಗೂ ಸುಂಕವೇ?" ಎಂದಿದ್ದ
ಕಲಾಮಾದ ಗಣಿಯಲ್ಲಿ ಮೂವತ್ತೊಂದು ವರ್ಷ ಸವೆಸಿದ
ಅವಳಪ್ಪ ಎಲಾದಿಯೊ.

ಶಾಲೆಯ ಪುಸ್ತಕದಲ್ಲಿ ಒಂದು ಸಾಲಿತ್ತು:
ವೇಗವರ್ಧಕವು ಕ್ರಿಯೆಯನ್ನು ನಡೆಸುತ್ತದೆ, ತಾನು ಬದಲಾಗುವುದಿಲ್ಲ.
ನೋಲ್ಫಾ ಅದಕ್ಕೆ ಪೂರ್ತಿ ಅಂಕ ಪಡೆದವಳು.
ಹೋದ ತಿಂಗಳು ಹಳೆಯದನ್ನು ಇಳಿಸುವಾಗ ಕಂಡಳು.
ಸಾರಜನಕದ ಕತ್ತಲೊಳಗೆ
ಉಸಿರಿನ ಕೊಳವೆ ಕಚ್ಚಿ ಇಳಿದವರು ಮೇಲಕ್ಕೆ ಕಳಿಸಿದ ಪುಡಿ
ಹೊರಗಾಳಿ ಸೋಕಿದ್ದೇ ಕೆಂಡವಾಯಿತು.

ಕೆಡಿಸಿದ್ದು ಗಂಧಕವಲ್ಲ.
ಇನ್ನೂರೈವತ್ತು ಡಿಗ್ರಿಯ ಬೇಗೆಯಲ್ಲಿ ತಾಮ್ರದ ಕಣ
ಪಕ್ಕದ ಕಣದತ್ತ ಸರಿಯುತ್ತದೆ, ಯಾರಿಗೂ ಕಾಣದಷ್ಟು.
ಕೂಡಿದವು ದಪ್ಪಗಾದವು. ದಪ್ಪಗಾದವು ಸೋಮಾರಿಯಾದವು.
ನಡುವೆ ಸತುವನ್ನು ಕೂರಿಸಿದ್ದು
ಜಗಳ ಬಿಡಿಸಲಿಕ್ಕಲ್ಲ,
ಅಪ್ಪುಗೆ ಬಿಡಿಸಲಿಕ್ಕೆ.
ನಾಲ್ಕು ವರ್ಷ ಬಿಡಿಸುತ್ತದೆ, ಪಾಪ.

ಬೆಳಗಿನ ಜಾವ ನಾಲ್ಕೂಕಾಲು. ಪೀಪಾಯಿಗೆ
ಒಂದು ಹನಿಯೂ ಬೀಳಲಿಲ್ಲ.
ಪುಸ್ತಕದಲ್ಲಿ ಸೊನ್ನೆ ಬರೆದಳು, ಕೆಳಗೆ ಸಹಿ.
ಕೈಗವಸು ಕಳಚಿ ಫೋನು ಮಾಡಿದಳು.
ಮೊದಲು ಕೆಮ್ಮು ಓಗೊಟ್ಟಿತು, ಆಮೇಲೆ ಅಪ್ಪ.

"ಏನು ಬಣ್ಣ ಈಗ? ನಾವು ಅಗೆಯುವಾಗ ಹಸಿರಿತ್ತು."
"ಡ್ರಮ್ಮಿನಲ್ಲಿ ಕಪ್ಪಿತ್ತು."
"ಈಗ?"
"ಕೆಂಪಿರಬೇಕು."
"ಇರಬೇಕು ಅಂದರೆ? ನೋಡಲಿಲ್ಲವೇ?"

ಕಿಟಕಿಯಾಚೆ, ಇನ್ನೂ ಹುಟ್ಟದ ಮೀಥನಾಲಿಗೆ ಕಾದ ಹಡಗು
ದೀಪ ಹೊತ್ತಿಸಿಕೊಂಡು ತೂಗುತ್ತಿತ್ತು.

"ನೋಡಲಿಕ್ಕೆ ಬರುವುದಿಲ್ಲ ಅಪ್ಪ,
ಮುಚ್ಚಳ ತೆರೆದರೆ ಉರಿಯುತ್ತದೆ."

ಬಹಳ ಹೊತ್ತು ಬರೀ ಉಸಿರು, ಒಡಕು ಕೊಳಲಿನದು.
"ಗಾಳಿ ಹೇಗಿದೆ ಅಲ್ಲಿ?"
"ಹಗ್ಗ ಕಟ್ಟಿದ್ದಾರೆ."