ರಿಮ್ಮಾ ನೋಗಾಯ್ ಅಂಗಡಿಯ ಚೀಟಿ

ಆನ್‌ಸಾನಿನ ಕಾರ್ಖಾನೆ ಓಣಿ. ಬೆಳಗಿನ ಆರು.
ರಾತ್ರಿ ಪಾಳಿಯವರು ಕೈಗವಸು ಕಳಚುತ್ತ ಹೊರಬೀಳುವ ಹೊತ್ತಿಗೆ
ನಾನು ಗಜ್ಜರಿ ಹೆಚ್ಚಿ ಮುಗಿಸಿರಬೇಕು,
ಕಡ್ಡಿಯಷ್ಟು ತೆಳ್ಳಗೆ, ಬೆರಳಷ್ಟು ಉದ್ದ.
ಉಪ್ಪು, ವಿನೆಗರ್, ಜಜ್ಜಿದ ಬೆಳ್ಳುಳ್ಳಿ,
ತರಿತರಿಯಾಗಿ ಕುಟ್ಟಿದ ಕೊತ್ತಂಬರಿ ಬೀಜ.
ಆಮೇಲೆ ಹೊಗೆಯಾಡುವ ಎಣ್ಣೆ, ಮೇಲಿಂದ, ಒಂದೇ ಸಲ.
ಚೊಂಯ್ ಎನ್ನುವ ಆ ಸದ್ದೊಂದನ್ನು ಮಾತ್ರ
ನಾನು ಎಲ್ಲೂ ತಪ್ಪಾಗಿ ಉಚ್ಚರಿಸಿಲ್ಲ.

ಸೋಮವಾರ ನಗರಸಭೆಯಿಂದ ಒಬ್ಬಳು ಬಂದಿದ್ದಳು,
ಎಳೆಯ ಹುಡುಗಿ, ಬೂಟು ಬಾಗಿಲಲ್ಲೇ ಒರೆಸಿಕೊಂಡಳು.
ಡಬ್ಬಿಗೆ ಚೀಟಿ ಅಂಟಿಸಬೇಕಂತೆ.
ಪದಾರ್ಥದ ಹೆಸರು. ಮೂಲ ದೇಶ.
ಗಜ್ಜರಿ ಜೇಜು ದ್ವೀಪದ್ದು, ಬರೆದೆ.
ಮೆಣಸಿನಪುಡಿ ಚೀನಾದ್ದು.
ಕೊತ್ತಂಬರಿ, ಮೂಟೆಯ ಮೇಲೆ ಓದಿ ನೋಡಿದೆ, ಬಲ್ಗೇರಿಯಾ.
ಎಲ್ಲಕ್ಕೂ ಒಂದೊಂದು ಊರು ಸಿಕ್ಕಿತು.
ಹೆಸರಿನ ಸಾಲಿಗೆ ಬಂದು ಪೆನ್ನು ನಿಂತಿತು.

'ಇದು ಕಿಮ್ಚಿ ಅಲ್ಲವಲ್ಲ ಅಜ್ಜಿ.'
'ಅಲ್ಲ.'
'ಮತ್ತೇನು?'

ಅಲ್ಲಿ, ತಾಷ್ಕೆಂಟಿನ ಕುಯ್ಲುಕ್ ಸಂತೆಯಲ್ಲಿ
ನನ್ನ ತಾಯಿ ನಲವತ್ತು ವರ್ಷ ಮಾರಿದ್ದು ಇದನ್ನೇ.
'ಕೊರಿಯಾದ ಗಜ್ಜರಿ' ಎಂದು ಕೇಳಿ ಕೊಳ್ಳುತ್ತಿದ್ದರು
ಉಜ್ಬೆಕರು, ರಷ್ಯನ್ನರು, ತಾತಾರರು.
ಕೊರಿಯಾ ಕಾಣದವಳು ಕೊರಿಯಾ ಕಾಣದವರಿಗೆ
ಕೊರಿಯಾವನ್ನು ತೂಗಿ ತೂಗಿ ಕೊಟ್ಟಳು,
ಅರ್ಧ ಕಿಲೋ, ಕಾಲು ಕಿಲೋ, ಕೊಸರಿಗೊಂದು ಚಿಟಿಕೆ.
ಇಲ್ಲಿ, ಕೊರಿಯಾದಲ್ಲಿ,
ಅಂಥದ್ದೊಂದು ಪದಾರ್ಥವೇ ಇಲ್ಲ.

ಹೇಗೆ ಹೇಳಲಿ ಆ ಹುಡುಗಿಗೆ?
ಅಜ್ಜಿಯನ್ನು ರೈಲಿಗೆ ತುಂಬಿದರು. ಒಂದು ತಿಂಗಳು ದನದ ಬೋಗಿ.
ಇಳಿಸಿದಲ್ಲಿ ಜೊಂಡು, ಚೌಳು ನೆಲ, ದೂರದಲ್ಲಿ ಒಂದು ಒಂಟೆ.
ಕೋಸು ಇಲ್ಲ. ಕೈಗೆ ಸಿಕ್ಕಿದ್ದು ಗಜ್ಜರಿ.
ಕೋಸಿಗೆ ಮಾಡುವುದನ್ನೆಲ್ಲ ಗಜ್ಜರಿಗೆ ಮಾಡಿದಳು,
'ಸುಮ್ಮನಿರು, ಒಗ್ಗಿಹೋಗುತ್ತೆ' ಎನ್ನುತ್ತ.
ಗಜ್ಜರಿಗೋ, ಬಗಲಲ್ಲಿದ್ದ ಮಗುವಿಗೋ, ಯಾರಿಗಂದಳೋ.

ನನ್ನ ಮನೆತನದ ಹೆಸರಿನದೂ ಅದೇ ಕತೆ.
ಯಾರು ನೀವು ಎಂದನಂತೆ ಗಡಿಯ ಗುಮಾಸ್ತ.
ನೋ ಮನೆಯವರು, ಅಂದ ಮುತ್ತಜ್ಜ ತನ್ನ ನುಡಿಯಲ್ಲಿ.
ಗುಮಾಸ್ತ ಕಿವಿಗೆ ಬಿದ್ದಷ್ಟನ್ನೂ ಗೀಚಿಕೊಂಡ.
ವಿಭಕ್ತಿ ಪ್ರತ್ಯಯವೂ ಸೇರಿ ಹೆಸರಾಯಿತು: ನೋಗಾಯ್.
ಇಲ್ಲಿನ ಆಸ್ಪತ್ರೆಯಲ್ಲಿ ನನ್ನನ್ನು ಕೂಗಿದರೆ
ಯಾವುದೋ ವಾಕ್ಯ ಶುರುವಾಯಿತೆಂದು
ಎಲ್ಲರೂ ಉಳಿದರ್ಧಕ್ಕೆ ಕಾಯುತ್ತಾರೆ.

ಆರೂವರೆಗೆ ಖುರ್ಷಿದ್ ಬರುತ್ತಾನೆ,
ನಮಂಗಾನಿನವನು, ಇಪ್ಪತ್ತಮೂರು,
ಮೈಗೆಲ್ಲ ನಿಕ್ಕಲ್ ಲೇಪನದ ಹುಳಿವಾಸನೆ.
'ಓಪಾ!' ಎನ್ನುತ್ತಾನೆ ಬಾಗಿಲಿಂದಲೇ.
ಅವನ ನುಡಿಯಲ್ಲಿ ಹಾಗಂದರೆ ಅಕ್ಕ.
ಬಸ್ಸಿಗೆ ನಿಂತ ಶಾಲೆ ಹುಡುಗಿಯರು ಬಿದ್ದುಬಿದ್ದು ನಗುತ್ತಾರೆ,
ಅವರ ಕಿವಿಗೆ ಅದು ಅಣ್ಣ.
ಅಕ್ಕನೋ ಅಣ್ಣನೋ, ನಾನಂತೂ ಓಗೊಡುತ್ತೇನೆ.

ಮುಚ್ಚಳ ಅಲ್ಲೇ ತೆಗೆದು, ನಿಂತೇ ತಿಂದು
'ನಮ್ಮೂರಿಂದು' ಅಂದ ಒಂದು ದಿನ.
ನಿಮ್ಮೂರಲ್ಲೇ ಅಲ್ಲವೇನಪ್ಪ ಒಬ್ಬ
ನಿಮ್ಮ ದೇಶಕ್ಕೆ ಹೋಗಿ ಅಂತ ನನ್ನಮ್ಮನ ತಕ್ಕಡಿ ಒದ್ದದ್ದು?
ಬಾಯಿಗೆ ಬಂತು. ಎಣ್ಣೆಯ ಬಾಣಲೆ ತೊಳೆದೆ.
ಹೋಗಿ ಅಂದ ದೇಶಕ್ಕೇ ಬಂದಿದ್ದೇನೆ ಈಗ;
ವೀಸಾ ಕಚೇರಿಯಲ್ಲಿ ಅವನದೊಂದು ಕಿಟಕಿ, ನನ್ನದೊಂದು,
ನನ್ನದರಲ್ಲಿ ಸಾಲು ಕೊಂಚ ಚಿಕ್ಕದು, ರಕ್ತದ ದಯೆ.

ಚೀಟಿಯ ಸಂಗತಿ ಹೇಳಿದೆ ಅವನಿಗೆ.
ಪೆನ್ನು ಕಸಿದುಕೊಂಡು, ಸಂಜೆ ತರಗತಿಯಲ್ಲಿ ಕಲಿತ
ಸೊಟ್ಟ ಕೊರಿಯನ್ ಅಕ್ಷರದಲ್ಲಿ ಅವನೇ ಬರೆದ:
ಓಪಾ ಗಜ್ಜರಿ.

ಗುರುವಾರ ಹುಡುಗಿ ಮತ್ತೆ ಬಂದಳು. ಓದಿದಳು.
ಅಣ್ಣನ ಗಜ್ಜರಿಯೇ ಎಂದು ತುಟಿ ಕಚ್ಚಿ ನಗು ತಡೆದಳು.
ಮುದ್ರೆ ಒತ್ತುವ ಮುಂಚೆ ಇನ್ನೊಂದು ಸಾಲು ಬಾಕಿಯಿತ್ತು:
ಎಷ್ಟು ದಿನ ಕೆಡದೆ ಇರುತ್ತೆ?

ತಣ್ಣಗಿಟ್ಟರೆ ಐದು ದಿನ, ಅಂದೆ.
ಇವತ್ತು ಬೇಡ, ನಾಳೆ ತಿನ್ನು.
ಎರಡನೇ ದಿನಕ್ಕೆ ರುಚಿ.