ಬರ ಎಂದರೆ ರೊಟ್ಟಿ

ಮೂರನೇ ಅಧ್ಯಾಯಕ್ಕೆ ಯಾವ ರಾಗ ಹಾಕಲಿ?
ಹೊರಗೆ ಬೆಥೆಸ್ಡಾ. ನಾಲ್ಕಕ್ಕೇ ಕತ್ತಲು.
ಸ್ಲೇಟು ಗಣಿಯ ಗುಡ್ಡ ಕಿಟಕಿಗೆ ಒರಗಿ ನಿಂತಿದೆ
ಬಾಕಿ ವಸೂಲಿಗೆ ಬಂದವನ ಹಾಗೆ.
ಮೇಜಿನ ಮೇಲೆ ಹದಿನೇಳು ಲಕೋಟೆ ಕಲ್ಲುಹೂವು
(ಊರಲ್ಲಾಗಿದ್ದರೆ ಇಷ್ಟರಲ್ಲಿ ಮಸಾಲೆಗೆ ಬಿದ್ದಿರುತ್ತಿತ್ತು),
ಆರಿದ ಅರ್ಧ ಕಪ್ಪು ಚಹಾ,
ಫೆಬ್ರವರಿ ಇಪ್ಪತ್ತೆಂಟಕ್ಕೆ ಕೆಂಪು ಸುತ್ತಿದ ಕ್ಯಾಲೆಂಡರು.

ಮೊದಲು ವೀಣೆ ಹಾಕಿದೆ.
ಎಡಗೈ ತಾನಾಗಿ ತೊಡೆಯ ಮೇಲೆ ತಾಳಕ್ಕಿಳಿಯಿತು;
ಎಂಟೆಂಟು ಎಣಿಸುತ್ತ
ಎಂಟನೆಯ ಲಕೋಟೆಯನ್ನು ಎರಡು ಸಲ ಎಣಿಸಿದ್ದೆ.

ಪಿಯಾನೋ ಹಾಕಿದೆ. ತುಂಬಾ ಸಭ್ಯ.
ಪರಿಚಯವಿಲ್ಲದವರ ಸೋಫಾದ ಅಂಚಿಗೆ ಕೂತಂತಾಗಿ
ಒಂದು ವಾಕ್ಯವೂ ಕಾಲು ಚಾಚಲಿಲ್ಲ.
ಮಳೆಯ ಸದ್ದು ಸಿಗುತ್ತದೆ, ಎಂಟು ತಾಸಿನದು, ಬಿಟ್ಟಿ.
ಹೊರಗೆ ಸುರಿಯುವುದು ಸಾಲದೆ?
ಹಳೇ ಸಿನಿಮಾ ಹಾಡಂತೂ ಕೇಳಲೇಬೇಡಿ:
ಒಂದು ಪಲ್ಲವಿಗೆ ಬಾಗಿಲು ತೆರೆದರೆ ಸಾಕು,
ದಾವಣಗೆರೆ ಹಾಸ್ಟೆಲ್ಲಿನ ಇಡೀ ಎರಡನೇ ಮಹಡಿ
ಚಪ್ಪಲಿ ಬಿಡದೆ ಒಳಗೆ ನುಗ್ಗುತ್ತದೆ,
"ಅಕ್ಕಾ, ಬಕೆಟ್ ಕೊಡ್ರೀ" ಎನ್ನುತ್ತ.

ಮೌನ? ಅದನ್ನೂ ನೋಡಿದೆ.
ಮೌನದಲ್ಲಿ ನನ್ನ ಇಂಗ್ಲಿಷು ನನಗೇ ಕೇಳಿಸುತ್ತದೆ.

ಕಡೆಗೆ ಒದಗಿದ್ದು ಕೆಳಗಿನ ಅಡುಗೆಮನೆಯಿಂದ.
ಮನೆಯೊಡತಿ ಏರ್ಲಿಸ್, ಎಂಬತ್ತೊಂದು, ಕಿವಿ ಮಂದ,
ರೇಡಿಯೋ ಜೋರಾಗಿ ಹಾಕುತ್ತಾಳೆ. ವೆಲ್ಶ್.
ಭಜನೆಯೋ, ಕುರಿಸಂತೆಯ ಧಾರಣೆಯೋ, ಸೋಬಾನೆಯೋ
ಒಂದೂ ತಿಳಿಯದು. ಎಂಥಾ ಸುಖ!
ಮಾತೆಲ್ಲ ಬರೀ ದನಿ, ದನಿಯೆಲ್ಲ ಬರೀ ಬಿಸುಪು,
ಪಕ್ಕದ ಮನೆಯ ಬಚ್ಚಲೊಲೆಯ ಹಾಗೆ.
ಹಲಗೆಯ ಸಂದಿಯಿಂದೇರುವ ಆ ಭಾಷೆಗೆ
ಅಂಗಾಲು ಕಾಯಿಸಿಕೊಳ್ಳುತ್ತ ಬರೆದೆ
ದಿನಕ್ಕೆ ಆರುನೂರು ಪದ,
ಪಾಚಿಯೂ ಶಿಲೀಂಧ್ರವೂ ಒಂದೇ ಕಲ್ಲಿನ ಮೇಲೆ
ಒಬ್ಬರನ್ನೊಬ್ಬರು ಉಂಡು ಉಣಿಸಿ ಬಾಳುವ ಬಗೆ.

ಕಿವಿ ಕಳ್ಳ. ಸುಮ್ಮನಿರುತ್ತದೆಯೆ?
'ದೂರ್' ಎಂದಿತು ರೇಡಿಯೋ. ಯಾರ ಮೇಲೆ ದೂರು?
'ಮೋರ್' ಎಂದಿತು. ನಮ್ಮ ಬೀದಿಯ ಮೋರಿ ನೆನೆದೆ.
'ಬರ, ಬರ' ಎಂದಾಗ ತಡೆಯಲಾಗದೆ ಇಳಿದು ಹೋದೆ:
ಮೂರು ಹೊತ್ತೂ ತೊಯ್ಯುವ ಈ ಊರಿಗೆ ಯಾವ ಬರ?
ಏರ್ಲಿಸ್ ಮಾತಾಡಲಿಲ್ಲ. ಕೊಯ್ದಳು,
ಬೆಣ್ಣೆ ಸವರಿ ತುಂಡು ಕೈಗಿಟ್ಟಳು.
ಬರ ಎಂದರೆ ರೊಟ್ಟಿ.
ದೂರ್ ಎಂದರೆ ನೀರು. ಮೋರ್, ಕಡಲು.
ಅಷ್ಟು ದೊಡ್ಡದನ್ನು ಮೋರಿ ಮಾಡಿಬಿಟ್ಟಿದ್ದೆ.

ಅಂದಿನಿಂದ ಕೆಟ್ಟಿತು ಕೆಲಸ.
ವಾರಕ್ಕೊಂದು ಪದ, ಆಮೇಲೆ ದಿನಕ್ಕೆರಡು,
ಕಂಬಳಿಗೆ ನುಸಿ ಹಿಡಿದ ಹಾಗೆ, ತೂತು ತೂತಾಗಿ ಬೆಳಕು.
ಮೊನ್ನೆ ಯಾರೋ ಒಬ್ಬಾಕೆ ಹಾಡುತ್ತಿದ್ದಳು;
ನೀರು ತಿಳಿಯಿತು, ರೊಟ್ಟಿ ತಿಳಿಯಿತು,
ನಡುವೆ ಒಬ್ಬ ತಾಯಿ, ಒಂದು 'ಇಲ್ಲ'.
ಏನು ಇಲ್ಲ? ಯಾರಿಗೆ ಇಲ್ಲ?
ಪೆನ್ನು ಹಿಡಿದೇ ಕೂತಿದ್ದೆ, ಹಾಡು ಮುಗಿದು
ಹವಾಮಾನವೂ ಮುಗಿಯುವ ತನಕ.
(ನಾಳೆ ಮಳೆ. ಅದೂ ತಿಳಿಯಿತು.)

ಇನ್ನೊಂದು ಭಾಷೆ ಹುಡುಕಬೇಕು. ಫಿನ್ನಿಶ್ ಆದೀತೆ?
ಕಿವಿಗೆ ಹಾಕುವ ದುಬಾರಿ ಮುಚ್ಚಳವೂ ಕೊಂಡಾಯಿತು.
ಇವತ್ತು ಸಂಜೆ ಅದರ ಪೊಟ್ಟಣ ಬಿಚ್ಚುವಾಗ
ಕೆಳಗಿಂದ ಏನೂ ಕೇಳದು.
ಮೆಟ್ಟಿಲ ಮೇಲೆ ಅರ್ಧಕ್ಕೆ ನಿಂತು ಬಗ್ಗಿ ನೋಡಿದೆ:
ಏರ್ಲಿಸ್ ರೇಡಿಯೋದ ಕೆನ್ನೆಗೆ ಕಿವಿ ಹಚ್ಚಿ ಕೂತಿದ್ದಾಳೆ,
ನನ್ನ ಕಲ್ಲುಹೂವಿಗೆ ತೊಂದರೆಯಾಗದಿರಲೆಂದು
ದನಿ ಇಳಿಸಿಕೊಂಡು.

'ಜೋರು' ಎನ್ನುವುದಕ್ಕೆ ಅವಳಲ್ಲಿ ಏನೆನ್ನುತ್ತಾರೋ.
ಗುಂಡಿ ಬಲಕ್ಕೆ ತಿರುವಿ
ಕುರ್ಚಿ ಎಳೆದುಕೊಂಡೆ.
ಮೂರನೇ ಅಧ್ಯಾಯ ಮೇಲೆ ಕೂತಿದೆ,
ದೀಪ ಉರಿಸಿಕೊಂಡು, ಒಂದೇ.