ಸಿಳ್ಳೆ

ದೂಮಣ್ಣ ಮಾವ ಹನ್ನೊಂದು ವರ್ಷ
ಕಡಲಾಚೆಯ ಒಂದು ಕೊಳದ ಪಕ್ಕ
ಐಸು ಬಿಟ್ಟ ಮೀನು ತೂಗುತ್ತಿದ್ದರು.
ಕೊಯ್ಪಾಡಿಯ ಈ ಮನೆಯ ಟೆರೇಸು ಅದೇ ತಕ್ಕಡಿಯದು.

"ಗೇಟಿನ ಕಬ್ಬಿಣ ಕಚ್ಚಿ ಕಚ್ಚಿ ಹಲ್ಲು ಸವೆದಿತ್ತು ಮಗಾ.
ಬೆಳಗ್ಗೆ ಬೆಳಗ್ಗೆ ಆ ತೂತುಗಳಿಗೆ ನೀರು ಹೊಡೆಯುವುದು ನನ್ನ ಕೆಲಸ.
ಬಾಯಿ ತೆರೆದು ನಿಲ್ಲುತ್ತಿತ್ತು,
ನಿನ್ನಜ್ಜಿ ಡಾಕ್ಟರ ಮುಂದೆ ಕೂತ ಹಾಗೆ."

ಬೆನ್ನಿನ ರೆಕ್ಕೆ ಬಾಡಿದ ಕೆಸುವಿನೆಲೆ.
ನಲವತ್ತು ಎಣಿಸುವುದರೊಳಗೆ ಕೊಳಕ್ಕೊಂದು ಸುತ್ತು.
ಸಿಳ್ಳೆಗೆ ಹಾರಬೇಕು.
ಹಾರದಿದ್ದರೆ ಬಕೆಟು ವಾಪಸು.

ಆ ಹುಡುಗಿಯ ಹೆಸರು ಮಾವ ಹೇಳುವುದಿಲ್ಲ.
ಪಾದ ಹಿಡಿದು ಕೆಳಗೆ ಒಯ್ದಿತಂತೆ.
"ಸಿಟ್ಟೋ ಆಟವೋ ಅಂತ ಪೊಲೀಸರು ಕೇಳಿದರು.
ಅದರ ಭಾಷೆ ನನಗೆಲ್ಲಿ ಗೊತ್ತು?
ನಾವು ಕಲಿಸಿದ್ದು ಹಸಿವು ಮಾತ್ರ."
ನಾಲ್ಕನೇ ದಿನ ಮತ್ತೆ ಟಿಕೆಟು.
ಬೋರ್ಡಿನಲ್ಲಿ ಹೊಸ ಅಕ್ಷರ: ಕೊಲೆಗಾರ ತಿಮಿಂಗಿಲ.
ಜನ ಎರಡು ಪಟ್ಟು.

ಹೋದ ಆದಿತ್ಯವಾರ ಕೈರಂಪಣಿಗೆ
ಡಾಲ್ಫಿನ್ ಮರಿಯೊಂದು ಸಿಕ್ಕಿತು.
ಬಲೆಯ ಹೊರಗೆ ತಾಯಿ,
ಉಸಿರು ಬಿಡುವ ಸದ್ದು ದಡದವರೆಗೆ.
ಹುಡುಗರು ಮೊಬೈಲು ಎತ್ತಿದರು.
ಮಾವ ಲುಂಗಿಯನ್ನೂ ಕಟ್ಟದೆ ಇಳಿದು
ತಲೆಹಗ್ಗ ಕೊಯ್ದೇ ಬಿಟ್ಟರು.
ಎಂಟು ಬುಟ್ಟಿ ಬಂಗುಡೆಯೂ ಅದರ ಜತೆ ಹೋಯಿತು;
ಬಲೆಯವರ ಬೈಗುಳ ಇನ್ನೂ ನಿಂತಿಲ್ಲ,
ಹಗ್ಗದ ದುಡ್ಡು ಅರ್ಧ ಬಾಕಿ.

ಸಂಜೆ ನೀರಂಚಿನಲ್ಲಿ ನಿಂತು
ಎರಡು ಬೆರಳು ಬಾಯಿಗಿಟ್ಟು
ಆ ಹಳೆಯ ಸಿಳ್ಳೆ ಹೊಡೆದರು.
ಕಾದೆವು.
ಒಂದು ತಲೆಯೂ ಏಳಲಿಲ್ಲ.
"ಬರಬೇಡ," ಎಂದರು ಮಾವ,
ಖಾಲಿ ನೀರಿಗೆ.